ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವ ಮುನ್ನ: ಹಬ್ಬ, ಚಾರಣ ಮತ್ತು ಮೂಲನಿವಾಸಿಗಳ ನೆಲಕ್ಕೊಂದು ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಹೋದ ಅಪ್ಪ ಅಮ್ಮಂದಿರಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ನೋಡಿಯೇ ಮರಳಬೇಕೆಂದು ಆಸೆಪಡುವವರು ಬಹಳ. ಆದರೆ ಹೆಚ್ಚಿನವರು ಅದನ್ನು ನೋಡುವ ಬಗೆ ಒಂದೇ. ಲಾಸ್ ವೇಗಸ್‌ನಲ್ಲಿ ನಸುಕಿಗೆ ಬಸ್ ಹತ್ತುತ್ತಾರೆ, ನಡುಹಗಲಿಗೆ ಅಂಚಿಗೆ ಬಂದು ನಿಲ್ಲುತ್ತಾರೆ, ಬೆರಗಾಗುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ, ಊಟ ಮುಗಿಸಿ ಮತ್ತೆ ಬಸ್ ಹತ್ತುತ್ತಾರೆ. ಆ ಬೆರಗು ನಿಜವೇ. ಆದರೂ ಅಷ್ಟಕ್ಕೇ ಬಿಟ್ಟು ಬಂದರೆ, ಕೊಲೊರಾಡೊ ನದಿ ಕೊರೆದ ಈ ಕಂದರದ ಒಳಗೂ ಸುತ್ತಲೂ ಇಂದಿಗೂ ಜನ ಬಾಳುತ್ತಿದ್ದಾರೆ, ಮೆಕ್ಕೆಜೋಳ ಬೆಳೆಯುತ್ತಿದ್ದಾರೆ, ಹಬ್ಬ ಮಾಡುತ್ತಿದ್ದಾರೆ, ತಮ್ಮ ಹಿರಿಯರು ಹುಟ್ಟಿಬಂದ ಜಾಗಗಳಿಗೆ ನಮಿಸುತ್ತಿದ್ದಾರೆ ಎಂಬುದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಈ ಮಾರ್ಗದರ್ಶಿ ಕನಿಷ್ಠ ಐದು ದಿನ ಕೊಡಬಲ್ಲವರಿಗೆ. ‘ಏನೇನು ನೋಡಬೇಕು’ ಎಂಬ ಪಟ್ಟಿಯಿಂದ ಆರಂಭಿಸಬೇಡಿ. ಯಾರ ನೆಲಕ್ಕೆ ಹೋಗುತ್ತಿದ್ದೀರಿ, ಅಲ್ಲಿ ಯಾವ ಕಾಲಕ್ಕೆ ಏನು ನಡೆಯುತ್ತದೆ ಎಂದು ತಿಳಿದುಕೊಂಡು ಆರಂಭಿಸಿ. ಪ್ರವಾಸದ ಉಳಿದೆಲ್ಲ ಲೆಕ್ಕಾಚಾರ ಅದರ ಹಿಂದೆಯೇ ಸಲೀಸಾಗಿ ಕೂಡಿಕೊಳ್ಳುತ್ತದೆ.

ಹೆಜ್ಜೆ 1: ನೆಲ ಯಾರದೆಂದು ನಕ್ಷೆಯಲ್ಲಿ ಗುರುತಿಸಿ

ಕಂದರದ ಉದ್ದ ನದಿಯ ಜಾಡಿನಲ್ಲಿ 446 ಕಿಲೋಮೀಟರ್. ಅತಿ ಅಗಲವಾದ ಕಡೆ 29 ಕಿಲೋಮೀಟರ್, ಆಳ ಸುಮಾರು 1.6 ಕಿಲೋಮೀಟರ್. ಇದರ ಬಹುಭಾಗ 1919ರ ಫೆಬ್ರವರಿ 26ರಂದು ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಆದರೆ ಇಡೀ ಕಂದರ ಉದ್ಯಾನದ್ದಲ್ಲ. ಪೂರ್ವದ ದಡ ನವಾಹೊ ಜನರದು. ತಮ್ಮನ್ನು ಅವರು ಡಿನೆ ಎಂದು ಕರೆದುಕೊಳ್ಳುತ್ತಾರೆ. ನವಾಹೊ ನೆಲದ ನಡುವೆ ದ್ವೀಪದಂತೆ ಹೋಪಿಗಳ ನಾಡಿದೆ. ಪಶ್ಚಿಮದಲ್ಲಿ ನದಿಯ ದಕ್ಷಿಣ ದಂಡೆಯ ಉದ್ದಕ್ಕೂ ವಾಲಪೈ ಜನರ ನೆಲ. ನಡುವೆ, ಒಂದು ಉಪಕಣಿವೆಯ ತಳದಲ್ಲಿ, ಹವಸುಪೈ ಜನರ ಸುಪೈ ಊರು. ಇವರಲ್ಲದೆ ಜೂನಿ, ಯಾವಪೈ-ಅಪಾಚೆ ಮತ್ತು ದಕ್ಷಿಣ ಪಾಯೂಟರ ಹಲವು ಪಂಗಡಗಳೂ ಸೇರಿ ಈ ಕಂದರದೊಂದಿಗೆ ಪರಂಪರೆಯ ನಂಟುಳ್ಳ 11 ಬುಡಕಟ್ಟುಗಳನ್ನು ಉದ್ಯಾನವೇ ಗುರುತಿಸಿದೆ.

ಇದು ಬರಿಯ ಇತಿಹಾಸದ ವಿಷಯವಲ್ಲ, ಜೇಬಿಗೆ ಸಂಬಂಧಿಸಿದ ವಿಷಯವೂ ಹೌದು. ಲಾಸ್ ವೇಗಸ್‌ನ ಜಾಹೀರಾತುಗಳಲ್ಲಿ ಕಾಣುವ ಗಾಜಿನ ಸೇತುವೆ, ಸ್ಕೈವಾಕ್, ರಾಷ್ಟ್ರೀಯ ಉದ್ಯಾನದಲ್ಲಿಲ್ಲ. ಅದು ವಾಲಪೈ ಜನರು 2007ರಲ್ಲಿ ತಮ್ಮ ನೆಲದಲ್ಲಿ ತೆರೆದದ್ದು, ಅಂಚಿನಿಂದ 21 ಮೀಟರ್ ಹೊರಚಾಚಿದ ಕಟ್ಟಡ. ಅಲ್ಲಿ ಉದ್ಯಾನದ ಪಾಸ್ ನಡೆಯುವುದಿಲ್ಲ. ಉದ್ಯಾನದ ದಕ್ಷಿಣ ಅಂಚಿಗೂ ಅದಕ್ಕೂ ರಸ್ತೆಯಲ್ಲಿ ಹಲವು ಗಂಟೆಗಳ ದೂರ. ‘ಗ್ರ್ಯಾಂಡ್ ಕ್ಯಾನ್ಯನ್’ ಎಂದಷ್ಟೇ ಬರೆದ ಟಿಕೆಟ್ ಕೊಳ್ಳುವ ಮುನ್ನ ಎಲ್ಲಿಗೆ ಕರೆದೊಯ್ಯುತ್ತಾರೆಂದು ಕೇಳಿ.

ಅಂಚಿನಲ್ಲಿ ನಿಂತಾಗ ನಮ್ಮವರನ್ನು ಪುಳಕಗೊಳಿಸುವ ಸಂಗತಿಯೊಂದಿದೆ. ಕಂದರದ ನಡುವೆ ಎದ್ದು ನಿಂತ ಶಿಖರಗಳಿಗೆ ವಿಷ್ಣು ಟೆಂಪಲ್, ಬ್ರಹ್ಮ ಟೆಂಪಲ್, ಶಿವ ಟೆಂಪಲ್ ಎಂಬ ಹೆಸರುಗಳಿವೆ. ತಳದ ಕಪ್ಪು ಶಿಲೆಗೆ ವಿಷ್ಣು ಶಿಸ್ಟ್ ಎಂದು ಹೆಸರು, ಅದರ ವಯಸ್ಸು 170 ಕೋಟಿ ವರ್ಷಕ್ಕೂ ಮೇಲೆ. ಪೌರ್ವಾತ್ಯ ದೇವತೆಗಳ ಹೆಸರಿಡುವ ಈ ರೂಢಿಯನ್ನು 1880ರ ದಶಕದಲ್ಲಿ ತಂದವನು ಕ್ಲಾರೆನ್ಸ್ ಡಟನ್ ಎಂಬ ಅಮೆರಿಕದ ಭೂವಿಜ್ಞಾನಿ. ಸಂತೋಷಪಡಿ, ಮಕ್ಕಳಿಗೆ ತೋರಿಸಿ. ಜೊತೆಗೆ, ಆ ಶಿಖರಗಳ ಬುಡದಲ್ಲಿ ಸಾವಿರಾರು ವರ್ಷಗಳಿಂದ ಬಾಳಿದವರನ್ನು ಡಟನ್ ಆ ಹೆಸರುಗಳಿಗಾಗಿ ಕೇಳಲಿಲ್ಲ ಎಂಬುದನ್ನೂ ಹೇಳಿ.

ಹೆಜ್ಜೆ 2: ತಿಂಗಳು ಆರಿಸಿ

ಇಲ್ಲಿ ಆತುರ ಬೇಡ. ತಿಂಗಳು ತಪ್ಪಿದರೆ ಎಷ್ಟು ಹಣ ಸುರಿದರೂ ಪ್ರವಾಸ ಸರಿಹೋಗುವುದಿಲ್ಲ.

ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ತಳದಲ್ಲಿ ನದಿ ಹರಿಯುವುದು ಸುಮಾರು 730 ಮೀಟರ್ ಎತ್ತರದಲ್ಲಿ. ಜುಲೈ ತಿಂಗಳಲ್ಲಿ ಅಂಚಿನಲ್ಲಿ ಹಿತವಾಗಿ ಓಡಾಡುತ್ತಿರುವಾಗಲೇ ತಳದಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಡಿಸೆಂಬರ್‌ನಲ್ಲಿ ಅಂಚಿನ ಹಾದಿಗಳ ಮೇಲೆ ಮಂಜುಗಡ್ಡೆ ಕಟ್ಟಿರುತ್ತದೆ. ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಇಲ್ಲಿಗೂ ಮುಂಗಾರು ಬರುತ್ತದೆ. ಜನ ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ನಮ್ಮಂತೆ ದಿನವಿಡೀ ಹಿಡಿದ ಮಳೆಯಲ್ಲ ಅದು. ಮಧ್ಯಾಹ್ನದ ನಂತರ ಗುಡುಗು ಸಿಡಿಲಿನೊಂದಿಗೆ ಎರಗುತ್ತದೆ. ಮೋಡ ಎಲ್ಲೋ ದೂರದಲ್ಲಿ ಒಡೆದರೂ ಕಿರಿದಾದ ಕೊರಕಲುಗಳಲ್ಲಿ ನಿಮಿಷಗಳಲ್ಲಿ ಪ್ರವಾಹ ನುಗ್ಗುತ್ತದೆ. 1997ರ ಆಗಸ್ಟ್‌ನಲ್ಲಿ ಪೇಜ್ ಊರಿನ ಬಳಿಯ ಆ್ಯಂಟಲೋಪ್ ಕ್ಯಾನ್ಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದದ್ದು ಹೀಗೆಯೇ. ಅಲ್ಲಿಗೆ ಈಗ ನವಾಹೊ ಮಾರ್ಗದರ್ಶಿಗಳ ಜೊತೆಯಲ್ಲದೆ ಬಿಡುವುದಿಲ್ಲ.

ಹಬ್ಬಗಳ ಲೆಕ್ಕ ಹೀಗಿದೆ.

ಜೂನ್‌ನಲ್ಲಿ ಉದ್ಯಾನದ ‘ಸ್ಟಾರ್ ಪಾರ್ಟಿ’. ಹವ್ಯಾಸಿ ಖಗೋಳಾಸಕ್ತರು ತಮ್ಮ ದೂರದರ್ಶಕಗಳನ್ನು ತಂದು ಅಂಚಿನ ಬಳಿ ನಿಲ್ಲಿಸಿ, ಬಂದವರಿಗೆಲ್ಲ ಉಚಿತವಾಗಿ ಆಕಾಶ ತೋರಿಸುತ್ತಾರೆ. 2019ರಲ್ಲಿ ಈ ಉದ್ಯಾನಕ್ಕೆ ಅಂತಾರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ (ದೀಪಗಳ ಬೆಳಕು ಕೆಡಿಸದ ಕತ್ತಲ ಆಕಾಶದ ಉದ್ಯಾನ) ಮಾನ್ಯತೆ ಸಿಕ್ಕಿದೆ. ನಗರಗಳಲ್ಲಿ ಬೆಳೆದ ಮಕ್ಕಳಿಗೆ ಆಕಾಶಗಂಗೆಯನ್ನು ಬರಿಗಣ್ಣಿನಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಕಲಾವಿದರು ಅಂಚಿನಲ್ಲೇ ಕುಳಿತು ಚಿತ್ರ ಬರೆಯುವ ‘ಸೆಲೆಬ್ರೇಷನ್ ಆಫ್ ಆರ್ಟ್’ ನಡೆಯುತ್ತದೆ.

ಮೂಲನಿವಾಸಿಗಳ ಹಬ್ಬಗಳಲ್ಲಿ ಹೊರಗಿನವರನ್ನು ತೆರೆದ ಮನಸ್ಸಿನಿಂದ ಬರಮಾಡಿಕೊಳ್ಳುವವು ನವಾಹೊ ಜಾತ್ರೆಗಳು. ಸೆಪ್ಟೆಂಬರ್ ಆರಂಭದಲ್ಲಿ ಅವರ ರಾಜಧಾನಿ ವಿಂಡೊ ರಾಕ್‌ನಲ್ಲಿ ದೊಡ್ಡ ಜಾತ್ರೆ. ಅಕ್ಟೋಬರ್‌ನಲ್ಲಿ ಟ್ಯೂಬಾ ಸಿಟಿಯಲ್ಲಿ ಪಶ್ಚಿಮ ನವಾಹೊಗಳ ಜಾತ್ರೆ. ಮೆರವಣಿಗೆ, ಕುದುರೆ ಪಳಗಿಸುವ ರೋಡಿಯೊ, ಹಾಡು, ಕುಣಿತ, ನೇಯ್ಗೆಯ ಪ್ರದರ್ಶನ ಎಲ್ಲವೂ ಇರುತ್ತವೆ. ವಿಂಡೊ ರಾಕ್ ಕಂದರದಿಂದ ಬಹಳ ದೂರ. ಟ್ಯೂಬಾ ಸಿಟಿ ದಾರಿಯಲ್ಲೇ ಸಿಗುತ್ತದೆ. ಜಾತ್ರೆಯ ಸಮಯದಲ್ಲಿ ನಡೆಯುವ ಧಾರ್ಮಿಕ ರಾತ್ರಿ ಆಚರಣೆಗಳ ಫೋಟೊ ತೆಗೆಯಬಾರದು. ಆಗಸ್ಟ್‌ನಲ್ಲಿ ಸುಪೈ ಊರಿನಲ್ಲಿ ಪೀಚ್ ಹಣ್ಣಿನ ಹಬ್ಬವಿದೆ, ಆದರೆ ಅದು ಮುಖ್ಯವಾಗಿ ಊರವರ ಹಬ್ಬ, ಮೇಲಾಗಿ ಪ್ರವಾಹದ ಕಾಲ.

ಇವೆಲ್ಲವನ್ನೂ ತೂಗಿ ನೋಡಿದರೆ ನನ್ನ ಆಯ್ಕೆ ಅಕ್ಟೋಬರ್. ಬಿಸಿಲು ತಗ್ಗಿರುತ್ತದೆ, ಗುಡುಗು ಮಳೆ ಮುಗಿದಿರುತ್ತದೆ, ಟ್ಯೂಬಾ ಸಿಟಿಯ ಜಾತ್ರೆ ಸಿಗುತ್ತದೆ. ಶಾಲೆಯ ರಜೆಗೆ ಕಟ್ಟುಬಿದ್ದವರು ಜೂನ್ ಆರಿಸಿಕೊಂಡು, ಇಳಿಯುವ ಆಸೆಯನ್ನು ಮೊಟಕುಮಾಡಿಕೊಂಡು, ರಾತ್ರಿಯ ಆಕಾಶಕ್ಕೆ ಸಮಯ ಕೊಡಲಿ. ಜಾತ್ರೆಗಳ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ವಿಮಾನದ ಟಿಕೆಟ್ ಕಾದಿರಿಸುವ ಮುನ್ನ ಆಯಾ ಬುಡಕಟ್ಟಿನ ಅಧಿಕೃತ ಪ್ರಕಟಣೆ ನೋಡಿ.

ಹೆಜ್ಜೆ 3: ಕಾದಿರಿಸುವ ಕೆಲಸ ಮುಗಿಸಿ

ಮೊದಲು ಹೆಚ್ಚು ಸಮಯ ಬೇಡುವ ಕೆಲಸಗಳು. ಕಂದರದ ತಳದಲ್ಲಿ 1922ರಲ್ಲಿ ಕಟ್ಟಿದ ಫ್ಯಾಂಟಮ್ ರ‍್ಯಾಂಚ್ ವಸತಿಗೆ ಒಂದು ವರ್ಷಕ್ಕೂ ಮೊದಲೇ ಲಾಟರಿ ಅರ್ಜಿ ಹಾಕಬೇಕು. ಅಂಚಿನ ಕೆಳಗೆ ಡೇರೆ ಹಾಕಿ ಮಲಗುವುದಾದರೆ ಉದ್ಯಾನದ ಪರವಾನಗಿ ಕಡ್ಡಾಯ. ನಾಲ್ಕೈದು ತಿಂಗಳು ಮೊದಲು ಆನ್‌ಲೈನ್ ಲಾಟರಿಗೆ ಹೆಸರು ಕೊಡಬೇಕು. ಹಗಲಿನಲ್ಲಿ ಇಳಿದು ಹಗಲಿನಲ್ಲೇ ಹತ್ತಿಬರಲು ಯಾವ ಪರವಾನಗಿಯೂ ಬೇಡ. ಸುಪೈಗೆ ಹೋಗಲು ಹವಸುಪೈ ಬುಡಕಟ್ಟಿನಿಂದಲೇ ಕಾದಿರಿಸಿಕೊಳ್ಳಬೇಕು. ಅದರ ವಿವರ ಮುಂದೆ ಬರುತ್ತದೆ. ಅಂಚಿನ ಮೇಲಿನ ಲಾಡ್ಜ್‌ಗಳಿಗೂ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ. ಅವು ಸಿಗದಿದ್ದರೆ ಉದ್ಯಾನದ ಬಾಗಿಲಲ್ಲೇ ಇರುವ ಟುಸಾಯನ್, ಇಲ್ಲವೆ ಪೂರ್ವಕ್ಕೆ ಕ್ಯಾಮರನ್ ಊರು.

ಉತ್ತರ ಅಂಚಿನ ಬಗ್ಗೆ ಒಂದು ಎಚ್ಚರಿಕೆ. 2025ರ ಜುಲೈನಲ್ಲಿ ಸಿಡಿಲಿನಿಂದ ಹೊತ್ತಿದ ಡ್ರ್ಯಾಗನ್ ಬ್ರಾವೊ ಕಾಳ್ಗಿಚ್ಚು ಅಲ್ಲಿನ ಐತಿಹಾಸಿಕ ಲಾಡ್ಜನ್ನೂ ಹತ್ತಾರು ಕಟ್ಟಡಗಳನ್ನೂ ಸುಟ್ಟುಹಾಕಿತು. ಹಳೆಯ ಪ್ರವಾಸಕಥನಗಳನ್ನು ಓದಿ ಅಲ್ಲಿ ತಂಗುವ ಯೋಜನೆ ಹಾಕಬೇಡಿ. ಹಕ್ಕಿ ಹಾರುವ ದೂರ 16 ಕಿಲೋಮೀಟರ್ ಆದರೂ ದಕ್ಷಿಣ ಅಂಚಿನಿಂದ ಅಲ್ಲಿಗೆ ರಸ್ತೆಯಲ್ಲಿ ಸುಮಾರು 345 ಕಿಲೋಮೀಟರ್ ಸುತ್ತಬೇಕು.

ಪ್ರವೇಶ ಶುಲ್ಕ ಒಂದು ಕಾರಿಗೆ 35 ಡಾಲರ್, ಏಳು ದಿನಕ್ಕೆ ಸಲ್ಲುತ್ತದೆ. ಭಾರತದಿಂದ ಬರುವವರು ಗಮನಿಸಬೇಕಾದದ್ದು: 2026ರ ಆರಂಭದಿಂದ ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದವರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ವಿಧಿಸಲಾಗಿದೆ. ಅಪ್ಪ ಅಮ್ಮ ಇಬ್ಬರೂ ಬರುತ್ತಿದ್ದು, ಬೇರೆ ಉದ್ಯಾನಗಳನ್ನೂ ನೋಡುವುದಿದ್ದರೆ ಅಮೆರಿಕದ ನಿವಾಸಿಗಳಲ್ಲದವರಿಗಿರುವ 250 ಡಾಲರಿನ ವಾರ್ಷಿಕ ಪಾಸ್ ಅಗ್ಗವಾಗಬಹುದು. ನಗದು ತೆಗೆದುಕೊಳ್ಳುವುದಿಲ್ಲ; ಕಾರ್ಡ್ ಇರಲಿ.

ಹೆಜ್ಜೆ 4: ದಾರಿ ಮತ್ತು ಗಡಿಯಾರ

ಫ್ಲ್ಯಾಗ್‌ಸ್ಟಾಫ್ ಊರನ್ನು ನೆಲೆಯಾಗಿ ಇಟ್ಟುಕೊಳ್ಳಿ. ದಕ್ಷಿಣ ಅಂಚಿಗೆ ಅಲ್ಲಿಂದ ಸುಮಾರು 130 ಕಿಲೋಮೀಟರ್. ಫೀನಿಕ್ಸ್‌ಗೆ ವಿಮಾನದಲ್ಲಿ ಇಳಿದರೆ ಅಂಚಿಗೆ 370 ಕಿಲೋಮೀಟರ್, ಲಾಸ್ ವೇಗಸ್‌ನಿಂದ 450. ಕಾರು ಓಡಿಸಲು ಇಷ್ಟವಿಲ್ಲದವರಿಗೆ ವಿಲಿಯಮ್ಸ್ ಊರಿನಿಂದ 1901ರಲ್ಲಿ ಆರಂಭವಾದ ರೈಲು ಇದೆ; ನಿಧಾನವಾದರೂ ನೆಮ್ಮದಿಯ ದಾರಿ, ವಯಸ್ಸಾದವರಿಗೆ ಚೆನ್ನ. ಆದರೆ ನವಾಹೊ ಮತ್ತು ಹೋಪಿ ನಾಡು ನೋಡಲು ಕಾರು ಬೇಕೇ ಬೇಕು.

ಫ್ಲ್ಯಾಗ್‌ಸ್ಟಾಫ್‌ನಲ್ಲಿ 1928ರಲ್ಲಿ ಸ್ಥಾಪನೆಯಾದ ಮ್ಯೂಸಿಯಂ ಆಫ್ ನಾರ್ದರ್ನ್ ಅರಿಜೋನಾ ಇದೆ. ಕಂದರಕ್ಕಿಂತ ಮೊದಲು ಅಲ್ಲಿಗೆ ಅರ್ಧ ದಿನ ಕೊಡಿ. ಯಾವ ಮಡಕೆ ಯಾರದು, ಯಾವ ನೇಯ್ಗೆ ಯಾರದು, ಯಾವ ಜನ ಎಲ್ಲಿಂದ ಎಲ್ಲಿಗೆ ಬಂದರು ಎಂಬುದು ಅಲ್ಲಿ ತಿಳಿಯುತ್ತದೆ.

ಇನ್ನು ಗಡಿಯಾರ. ಅಮೆರಿಕದ ಹೆಚ್ಚಿನ ರಾಜ್ಯಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತವೆ. ಕಂದರವಿರುವ ಅರಿಜೋನಾ ರಾಜ್ಯ ಮಾಡುವುದಿಲ್ಲ. ನವಾಹೊ ನಾಡು ಮಾಡುತ್ತದೆ. ಅದರ ನಡುವೆ ಇರುವ ಹೋಪಿ ನಾಡು ಮಾಡುವುದಿಲ್ಲ. ಅಂದರೆ ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಒಂದೇ ರಸ್ತೆಯಲ್ಲಿ ಹೋಗುತ್ತ ನಿಮ್ಮ ಮೊಬೈಲ್ ಒಂದು ಗಂಟೆ ಮುಂದೆ ಜಿಗಿದು, ಮತ್ತೆ ಒಂದು ಗಂಟೆ ಹಿಂದೆ ಬರುತ್ತದೆ. ಮಾರ್ಗದರ್ಶಿಯೊಂದಿಗೆ ಸಮಯ ಗೊತ್ತು ಮಾಡಿಕೊಳ್ಳುವಾಗ ‘ಯಾರ ಗಡಿಯಾರದ ಪ್ರಕಾರ’ ಎಂದು ಕೇಳಲೇಬೇಕು.

ಪೆಟ್ರೋಲ್ ಕಂಡಲ್ಲಿ ತುಂಬಿಸಿ. ಕ್ಯಾಮರನ್, ಟ್ಯೂಬಾ ಸಿಟಿ ದಾಟಿದ ಮೇಲೆ ಬಂಕ್‌ಗಳು ವಿರಳ. ರಾತ್ರಿ ಓಡಿಸಬೇಡಿ, ಬೇಲಿಯಿಲ್ಲದ ರಸ್ತೆಗಳಲ್ಲಿ ದನ, ಕುದುರೆಗಳು ಅಡ್ಡ ಬರುತ್ತವೆ.

ಹೆಜ್ಜೆ 5: ಅಂಚನ್ನು ಪೂರ್ವದಿಂದ ಹೊಕ್ಕಿ

ಎಲ್ಲರೂ ದಕ್ಷಿಣದ ಬಾಗಿಲಿನಿಂದ ಬಂದು ಮೇದರ್ ಪಾಯಿಂಟ್‌ನ ಜನಜಂಗುಳಿಯಲ್ಲಿ ಕಂದರವನ್ನು ಮೊದಲ ಸಲ ನೋಡುತ್ತಾರೆ. ನೀವು ಫ್ಲ್ಯಾಗ್‌ಸ್ಟಾಫ್‌ನಿಂದ ಕ್ಯಾಮರನ್ ಮೂಲಕ ಪೂರ್ವದ ಡೆಸರ್ಟ್ ವ್ಯೂ ಬಾಗಿಲಿನಿಂದ ಬನ್ನಿ. ದಾರಿ ಸ್ವಲ್ಪ ಸುತ್ತಾದರೂ ನವಾಹೊ ನೆಲ ದಾಟಿಕೊಂಡೇ ಬರುತ್ತೀರಿ, ಲಿಟ್ಲ್ ಕೊಲೊರಾಡೊ ನದಿಯ ಕಡಿದಾದ ಕೊರಕಲು ದಾರಿಬದಿಯಲ್ಲೇ ಸಿಗುತ್ತದೆ, ಅಲ್ಲಿ ನವಾಹೊ ಕುಟುಂಬಗಳು ತಾವೇ ಮಾಡಿದ ಬೆಳ್ಳಿ ಒಡವೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿರುತ್ತವೆ.

ಈ ಚಿಕ್ಕ ನದಿಯ ಕೊರಕಲು ಹೋಪಿಗಳಿಗೆ ಅತ್ಯಂತ ಪವಿತ್ರ. ಮನುಷ್ಯರು ಕೆಳಲೋಕದಿಂದ ಈ ಲೋಕಕ್ಕೆ ಹತ್ತಿಬಂದ ದ್ವಾರ ಅದರೊಳಗಿದೆ ಎಂದು ಅವರ ನಂಬಿಕೆ. ಈ ಚಿಕ್ಕ ನದಿ ಕೊಲೊರಾಡೊ ನದಿಯನ್ನು ಸೇರುವ ಸಂಗಮದವರೆಗೆ ಪ್ರವಾಸಿಗರನ್ನು ಇಳಿಸುವ ಕೇಬಲ್ ಕಾರಿನ ಯೋಜನೆಯೊಂದು ಕೆಲವು ವರ್ಷ ಮಾತಿನಲ್ಲಿತ್ತು. ಅಲ್ಲಿ ಕುರಿ ಮೇಯಿಸುವ ನವಾಹೊ ಕುಟುಂಬಗಳೇ ಅದರ ವಿರುದ್ಧ ಎದ್ದು ನಿಂತವು; 2017ರ ಅಕ್ಟೋಬರ್ ಕೊನೆಗೆ ನವಾಹೊ ಶಾಸನಸಭೆ ಅದನ್ನು ತಿರಸ್ಕರಿಸಿತು. ಸಂಗಮ ಇಂದಿಗೂ ಹಾಗೆಯೇ ಉಳಿದಿರುವುದು ಆ ಜನರಿಂದ.

ಡೆಸರ್ಟ್ ವ್ಯೂನಲ್ಲಿ 21 ಮೀಟರ್ ಎತ್ತರದ ಕಲ್ಲಿನ ಕಾವಲುಗೋಪುರವಿದೆ. ವಾಸ್ತುಶಿಲ್ಪಿ ಮೇರಿ ಕೋಲ್ಟರ್ ಅದನ್ನು 1932ರಲ್ಲಿ ಪುರಾತನ ಪ್ವೆಬ್ಲೊ ಜನರ (ಹೋಪಿ, ಜೂನಿಗಳ ಹಿರಿಯರ) ಗೋಪುರಗಳ ಮಾದರಿಯಲ್ಲಿ ಕಟ್ಟಿಸಿದರು. ಒಳಗೋಡೆಗಳ ಚಿತ್ರಗಳನ್ನು ಬರೆದವರು ಹೋಪಿ ಕಲಾವಿದ ಫ್ರೆಡ್ ಕಬೋಟಿ. ಅವುಗಳಲ್ಲಿ ಹೋಪಿಗಳ ಹಾವಿನ ಕಥೆ ಇದೆ: ಟೊಳ್ಳು ಮರದ ದಿಮ್ಮಿಯಲ್ಲಿ ಕುಳಿತು ನದಿಯ ಕೊನೆ ಹುಡುಕುತ್ತ ಇಡೀ ಕಂದರವನ್ನು ತೇಲಿಹೋದ ಯುವಕನ ಕಥೆ. ಪುಸ್ತಕಗಳು ಈ ಕಂದರದ ಉದ್ದಕ್ಕೂ ದೋಣಿಯಲ್ಲಿ ಮೊದಲು ಸಾಗಿದ ಕೀರ್ತಿಯನ್ನು 1869ರ ಜಾನ್ ವೆಸ್ಲಿ ಪೊವೆಲ್ ತಂಡಕ್ಕೆ ಕೊಡುತ್ತವೆ. ಗೋಡೆಯ ಮೇಲೆ ಆ ಹೋಪಿ ಯುವಕ ಪೊವೆಲ್‌ಗಿಂತ ಬಹಳ ಮುಂಚೆಯೇ ಹೋಗಿ ತಲುಪಿದ್ದಾನೆ. ಕಿಟಕಿಯಾಚೆ ಅದೇ ನದಿ ಕಾಣುತ್ತದೆ. ಈ ಚಿತ್ರದ ಮುಂದೆ ಆತುರಪಡದೆ ನಿಲ್ಲಿ.

ಡೆಸರ್ಟ್ ವ್ಯೂ ಅನ್ನು ಈಗ ಉದ್ಯಾನ ಮತ್ತು ಬುಡಕಟ್ಟುಗಳು ಕೂಡಿ ಸಾಂಸ್ಕೃತಿಕ ತಾಣವಾಗಿ ಬೆಳೆಸುತ್ತಿವೆ. ನೇಕಾರರು, ಬೆಳ್ಳಿ ಕೆಲಸದವರು, ಮರದ ಗೊಂಬೆ ಕೆತ್ತುವವರು ಸರದಿಯಂತೆ ಬಂದು ಕುಳಿತು ಕೆಲಸ ಮಾಡುತ್ತ ಮಾತನಾಡುತ್ತಾರೆ. ಪ್ರಶ್ನೆ ಕೇಳಲು ಅದು ಸರಿಯಾದ ಜಾಗ. ಅಲ್ಲಿಂದ ಪಶ್ಚಿಮಕ್ಕೆ ಹೊರಟರೆ ಸುಮಾರು 800 ವರ್ಷ ಹಿಂದಿನ ಟುಸಾಯನ್ ಪ್ವೆಬ್ಲೊ ಮನೆಗಳ ತಳಪಾಯ ಸಿಗುತ್ತದೆ; ಟುಸಾಯನ್ ಊರಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಅಂಚಿನ ಲಾಡ್ಜ್‌ಗಳಿರುವ ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್ ತಲುಪಿದ ಮೇಲೆ ಕಾರು ನಿಲ್ಲಿಸಿ ಉಚಿತ ಶಟಲ್ ಬಸ್ ಹಿಡಿಯಿರಿ. ಹರ್ಮಿಟ್ ರಸ್ತೆಗೆ ಮಾರ್ಚ್‌ನಿಂದ ನವೆಂಬರ್‌ವರೆಗೆ ಖಾಸಗಿ ಕಾರುಗಳನ್ನು ಬಿಡುವುದಿಲ್ಲ. ಸೂರ್ಯಾಸ್ತಕ್ಕೆ ಹೋಪಿ ಪಾಯಿಂಟ್ ಆ ರಸ್ತೆಯಲ್ಲೇ ಇದೆ.

ತಲೆಯ ಮೇಲೆ ಸುಮಾರು ಮೂರು ಮೀಟರ್ ರೆಕ್ಕೆ ಹರಡಿದ ಕಪ್ಪು ಹಕ್ಕಿ ತೇಲಿದರೆ ಅದರ ರೆಕ್ಕೆಯ ಮೇಲೆ ಸಂಖ್ಯೆ ಇದೆಯೇ ನೋಡಿ. ಕ್ಯಾಲಿಫೋರ್ನಿಯಾ ಕಾಂಡರ್ ರಣಹದ್ದು ಅದು. 1982ರಲ್ಲಿ ಜಗತ್ತಿನಲ್ಲೇ ಉಳಿದಿದ್ದುದು 22. 1996ರಿಂದ ಈ ಪ್ರದೇಶದಲ್ಲಿ ಮತ್ತೆ ಬಿಟ್ಟು ಬೆಳೆಸುತ್ತಿದ್ದಾರೆ. ಅಳಿಲುಗಳಿಗೆ ತಿಂಡಿ ಕೊಡಬೇಡಿ. ಇಲ್ಲಿ ಪ್ರವಾಸಿಗರಿಗೆ ಆಗಾಗ ಆಗುವ ಗಾಯ ಅಳಿಲಿನ ಕಡಿತವೇ.

ಹೆಜ್ಜೆ 6: ಇಳಿಯುವುದು, ಹತ್ತುವುದು

ಬೆಟ್ಟ ಹತ್ತಿದವರಿಗೆ ದಣಿವು ಮೊದಲು, ಸುಖ ನಂತರ. ಇಲ್ಲಿ ಕ್ರಮ ತಿರುವುಮುರುವು. ಇಳಿಯುವಾಗ ಹುರುಪು, ನೆರಳಿಲ್ಲದ ಹಾದಿಯಲ್ಲಿ ಹತ್ತುವಾಗ ಪರೀಕ್ಷೆ. ಇಳಿಯಲು ಹಿಡಿದ ಸಮಯದ ಎರಡರಷ್ಟು ಹತ್ತಲು ಬೇಕೆಂದು ಲೆಕ್ಕ ಹಾಕಿ. ಒಂದೇ ದಿನದಲ್ಲಿ ನದಿಗೆ ಇಳಿದು ಹತ್ತಿಬರುವ ಸಾಹಸ ಬೇಡವೆಂದು ಉದ್ಯಾನ ಒತ್ತಿ ಹೇಳುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಒಳಹಾದಿಗಳಲ್ಲಿ ನಡೆಯಲೇಬಾರದು. ಪ್ರತಿವರ್ಷ ಬಿಸಿಲಿಗೆ ಸಿಕ್ಕಿ ಸಾಯುವವರಲ್ಲಿ ಗಟ್ಟಿಮುಟ್ಟಾದ ಯುವಕರೂ ಇರುತ್ತಾರೆ.

ಚಿಕ್ಕ ನಡಿಗೆಗೆ ಸೌತ್ ಕೈಬಾಬ್ ಹಾದಿಯಲ್ಲಿ ಊ-ಆ ಪಾಯಿಂಟ್‌ವರೆಗೆ ಸುಮಾರು ಒಂದೂವರೆ ಕಿಲೋಮೀಟರ್ ಇಳಿಯಿರಿ. ನೋಟ ಅದ್ಭುತ, ಆದರೆ ಆ ಹಾದಿಯಲ್ಲಿ ಎಲ್ಲೂ ನೀರಿಲ್ಲ. ಇಡೀ ದಿನವಿರುವವರು, ಅಭ್ಯಾಸವಿರುವವರು, ಬ್ರೈಟ್ ಏಂಜೆಲ್ ಹಾದಿಯಲ್ಲಿ 7.2 ಕಿಲೋಮೀಟರ್ ಕೆಳಗಿನ ಹವಸುಪೈ ಗಾರ್ಡನ್ಸ್‌ವರೆಗೆ ಹೋಗಬಹುದು. 900 ಮೀಟರಿಗೂ ಹೆಚ್ಚಿನ ಇಳಿತ. ಚಿಲುಮೆ ನೀರು ಹರಿದು ಕಾಟನ್‌ವುಡ್ ಮರಗಳು ಬೆಳೆದ ತಂಪು ಜಾಗ.

ಆ ನೆರಳಿನಲ್ಲಿ ಕುಳಿತಾಗ ತಿಳಿದಿರಬೇಕಾದ ಮಾತಿದೆ. ಇಲ್ಲಿ ಹವಸುಪೈ ಕುಟುಂಬಗಳು ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದವು. ಉದ್ಯಾನ ಬಂದ ಮೇಲೆ ಅವರನ್ನು ಹೊರಹಾಕಲಾಯಿತು; ಕೊನೆಯದಾಗಿ 1928ರಲ್ಲಿ ಬಿಲ್ಲಿ ಬರೊ ಎಂಬವರು ಈ ಜಾಗ ಬಿಡಬೇಕಾಯಿತು. ಆಮೇಲೂ ದಶಕಗಟ್ಟಲೆ ಫಲಕಗಳ ಮೇಲೆ ‘ಇಂಡಿಯನ್ ಗಾರ್ಡನ್’ ಎಂದೇ ಇತ್ತು. ಬುಡಕಟ್ಟಿನ ಕೋರಿಕೆಯಂತೆ 2022ರ ನವೆಂಬರ್‌ನಲ್ಲಿ ಈಗಿನ ಹೆಸರು ಬಂತು.

ನೀರಿನ ಬಗ್ಗೆ: ದಕ್ಷಿಣ ಅಂಚಿನ ಕುಡಿಯುವ ನೀರೆಲ್ಲ ಉತ್ತರ ಅಂಚಿನ ಕೆಳಗಿನ ರೋರಿಂಗ್ ಸ್ಪ್ರಿಂಗ್ಸ್ ಚಿಲುಮೆಯಿಂದ ಕಂದರ ದಾಟಿ ಕೊಳವೆಯಲ್ಲಿ ಬರುತ್ತದೆ. ಆ ಹಳೆಯ ಕೊಳವೆ ಪದೇ ಪದೇ ಒಡೆಯುತ್ತದೆ. 2024ರ ಆಗಸ್ಟ್ ಕೊನೆಯಲ್ಲಿ ಹೀಗೆ ಒಡೆದಾಗ ಅಂಚಿನ ಲಾಡ್ಜ್‌ಗಳಲ್ಲಿ ರಾತ್ರಿ ತಂಗುವುದನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಹಾದಿಯ ನಲ್ಲಿಗಳಲ್ಲಿ ನೀರಿದೆಯೇ, ಯಾವ ಹಾದಿ ಮುಚ್ಚಿದೆ ಎಂದು ಅಂದಿನ ಬೆಳಿಗ್ಗೆಯೇ ಫಲಕದಲ್ಲಿ ನೋಡಿ, ಇಲ್ಲವೇ ಉದ್ಯಾನದ ಸಿಬ್ಬಂದಿಯಾದ ರೇಂಜರ್‌ರನ್ನು ಕೇಳಿ.

ಬರಿಯ ನೀರು ಕುಡಿಯುತ್ತ ಹೋದರೂ ಅಪಾಯ. ಬೆವರಿನೊಂದಿಗೆ ಉಪ್ಪು ಹೋಗಿ, ನೀರು ಮಾತ್ರ ತುಂಬಿದರೆ ರಕ್ತದ ಸೋಡಿಯಂ ಕುಸಿದು ತಲೆಸುತ್ತು, ವಾಂತಿ, ಗೊಂದಲ ಉಂಟಾಗುತ್ತವೆ. ಅದಕ್ಕೇ ಉಪ್ಪಿರುವ ತಿಂಡಿ ಜೊತೆಗಿರಲೆಂದು ರೇಂಜರ್‌ಗಳು ಹೇಳುವುದು. ನಮ್ಮ ಮನೆಗಳಲ್ಲಿ ಇದಕ್ಕೆ ಕೊರತೆಯಿಲ್ಲ: ಕೋಡುಬಳೆ, ಚಕ್ಕುಲಿ, ಉಪ್ಪು ಖಾರದ ಕಡಲೆಕಾಯಿ, ಒಂದು ಸಣ್ಣ ಡಬ್ಬಿ ಉಪ್ಪಿನಕಾಯಿ ಚಪಾತಿ. ಚಾರಣದ ಅಂಗಡಿಯ ದುಬಾರಿ ಬಾರ್‌ಗಳಿಗಿಂತ ಇವೇ ಮೇಲು.

ಉತ್ತರದ ನಾರ್ತ್ ಕೈಬಾಬ್ ಹಾದಿಯಲ್ಲಿ ಎಂದಾದರೂ ನಡೆಯುವ ಅವಕಾಶ ಸಿಕ್ಕರೆ, ಪಾಚಿ ಹೊದ್ದ ಬಂಡೆಯ ಮೇಲೆ ನೀರು ಸುರಿಯುವ ರಿಬ್ಬನ್ ಫಾಲ್ಸ್ ಜೂನಿ ಜನರು ತಮ್ಮ ಹಿರಿಯರು ಈ ಲೋಕಕ್ಕೆ ಬಂದ ಜಾಗವೆಂದು ಪೂಜಿಸುವ ತಾಣವೆಂದು ನೆನಪಿಡಿ. ಬಂಡೆ ಹತ್ತುವುದು, ಸೋಪು ಹಚ್ಚಿ ಮೀಯುವುದು ಬೇಡ.

ಹೆಜ್ಜೆ 7: ಸುಪೈ, ಅನುಮತಿ ಸಿಕ್ಕರೆ ಮಾತ್ರ

ನೀಲಿ ಹಸಿರು ಜಲಪಾತಗಳ ಫೋಟೊ ನೋಡಿ ಹೊರಡುವವರೇ ಹೆಚ್ಚು. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಆ ಬಣ್ಣಕ್ಕೂ ಮೆಟ್ಟಿಲಿನಂಥ ಕಲ್ಲಿನ ಕೊಳಗಳಿಗೂ ಕಾರಣ. ಹವಾಸು ಜಲಪಾತ ಸುಮಾರು 30 ಮೀಟರ್, ಮೂನಿ ಅದರ ಹೆಚ್ಚುಕಡಿಮೆ ಎರಡರಷ್ಟು. ಮೂನಿಯ ಬುಡಕ್ಕೆ ಸುರಂಗ, ಸರಪಳಿ, ಒದ್ದೆ ಏಣಿಗಳನ್ನು ಹಿಡಿದು ಇಳಿಯಬೇಕು. ಎತ್ತರ ಕಂಡರೆ ಹೆದರುವವರು ಮೇಲಿನಿಂದಲೇ ನೋಡಲಿ.

ಆದರೆ ಸುಪೈ ಮೊದಲು ಒಂದು ಊರು. ಕಾರಿನ ರಸ್ತೆ ಕಂದರದ ಮೇಲಿನ ವಾಲಪೈ ಹಿಲ್‌ಟಾಪ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ 13 ಕಿಲೋಮೀಟರ್ ನಡೆದರೆ ಊರು, ಇನ್ನೂ ಮೂರು ಕಿಲೋಮೀಟರ್ ನಡೆದರೆ ಡೇರೆ ಹಾಕುವ ಜಾಗ. ಊರಿನ ಅಂಚೆ ಇಂದಿಗೂ ಹೇಸರಗತ್ತೆಗಳ ಬೆನ್ನ ಮೇಲೆ ಬರುತ್ತದೆ. 1882ರಲ್ಲಿ ಅಮೆರಿಕ ಸರ್ಕಾರ ಈ ಜನರಿಗೆ ಬಿಟ್ಟುಕೊಟ್ಟದ್ದು ತಳದ 518 ಎಕರೆ ಮಾತ್ರ. ಚಳಿಗಾಲದಲ್ಲಿ ಬೇಟೆಗೂ ಕಾಯಿಕಡ್ಡಿಗೂ ಹೋಗುತ್ತಿದ್ದ ಮೇಲಿನ ವಿಶಾಲ ಬಯಲು ಕೈತಪ್ಪಿತು. ದೀರ್ಘ ಹೋರಾಟದ ಬಳಿಕ 1975ರ ಜನವರಿಯಲ್ಲಿ 1,85,000 ಎಕರೆ ಮರಳಿ ಬಂತು.

ಹೋಗುವ ಕ್ರಮ ಹೀಗೆ. ಬುಡಕಟ್ಟಿನ ಅಧಿಕೃತ ತಾಣದಲ್ಲಿ ವರ್ಷದ ಆರಂಭಕ್ಕೇ ಖಾತೆ ತೆರೆದು ಕಾಯಿರಿ. ಡೇರೆಯ ವಾಸ್ತವ್ಯ ಮೂರು ರಾತ್ರಿಯದೇ. ಒಬ್ಬರಿಗೆ 400 ಡಾಲರಿಗೂ ಮೇಲೆ ಆಗುತ್ತದೆ. ಒಂದು ದಿನದ ಭೇಟಿಗೆ ಅವಕಾಶವಿಲ್ಲ. ಕಾಗದಪತ್ರವಿಲ್ಲದೆ ಹೋದವರನ್ನು ದಾರಿಯಲ್ಲೇ ತಿರುಗಿಸಿ ಕಳಿಸುತ್ತಾರೆ, ಅದು ಸರಿಯೂ ಹೌದು. ಹಿಲ್‌ಟಾಪ್‌ಗೆ ಹೋಗುವ ನೂರು ಕಿಲೋಮೀಟರ್ ರಸ್ತೆಯಲ್ಲಿ ಪೆಟ್ರೋಲ್, ನೀರು ಯಾವುದೂ ಇಲ್ಲ. ಹೆಲಿಕಾಪ್ಟರ್ ಇದೆ, ಆದರೆ ಮೊದಲ ಆದ್ಯತೆ ಊರವರಿಗೆ. ಮದ್ಯ ಮತ್ತು ಡ್ರೋನ್ ನಿಷಿದ್ಧ. ಊರ ಬೀದಿಯಲ್ಲಿ ಮಕ್ಕಳ, ಮನೆಗಳ ಫೋಟೊ ತೆಗೆಯಬೇಡಿ. ಭಾರ ಹೊರುವ ಪ್ರಾಣಿಗಳು ಎದುರಾದರೆ ಗೋಡೆಯ ಕಡೆ ಸರಿದು ನಿಲ್ಲಿ; ಪ್ರಪಾತದ ಕಡೆಗಲ್ಲ.

ಹೆಜ್ಜೆ 8: ಹೋಪಿ ನಾಡಿನಲ್ಲಿ ನಡವಳಿಕೆ

ಟ್ಯೂಬಾ ಸಿಟಿಯಿಂದ ಪೂರ್ವಕ್ಕೆ ಸುಮಾರು ನೂರು ಕಿಲೋಮೀಟರ್ ಹೋದರೆ ಸೆಕೆಂಡ್ ಮೆಸಾ. ಮೂರು ಚಪ್ಪಟೆ ಗುಡ್ಡಗಳ ಸಾಲಿನಲ್ಲಿ ಹೋಪಿ ಊರುಗಳಿವೆ. ಓರೈಬಿ ಎಂಬ ಊರಿನಲ್ಲಿ ಸುಮಾರು 1100ರಿಂದ ಇಂದಿನವರೆಗೆ ಜನವಸತಿ ಬಿಟ್ಟೂಬಿಡದೆ ಮುಂದುವರಿದಿದೆ. ಸೆಕೆಂಡ್ ಮೆಸಾದ ಹೋಪಿ ಸಾಂಸ್ಕೃತಿಕ ಕೇಂದ್ರದಲ್ಲಿ ತಂಗಲು ಕೋಣೆ, ಊಟದ ಮನೆ, ವಸ್ತುಸಂಗ್ರಹಾಲಯ ಮೂರೂ ಇವೆ. ಮೊದಲು ಅಲ್ಲಿಗೇ ಹೋಗಿ, ಯಾವ ಊರು ಇಂದು ಹೊರಗಿನವರಿಗೆ ತೆರೆದಿದೆ ಎಂದು ವಿಚಾರಿಸಿ. ಸಾಧ್ಯವಾದರೆ ಹೋಪಿ ಮಾರ್ಗದರ್ಶಿಯನ್ನೇ ಗೊತ್ತು ಮಾಡಿಕೊಳ್ಳಿ.

ಊರುಗಳೊಳಗೆ ಫೋಟೊ, ವಿಡಿಯೊ, ಧ್ವನಿಮುದ್ರಣ, ಚಿತ್ರ ಬರೆಯುವುದು, ಟಿಪ್ಪಣಿ ಮಾಡಿಕೊಳ್ಳುವುದು, ಎಲ್ಲವೂ ನಿಷಿದ್ಧ. ಮೊಬೈಲ್ ಕಾರಿನಲ್ಲೇ ಬಿಟ್ಟರೆ ಕೈ ತುರಿಸುವುದೂ ಇಲ್ಲ. ಚಳಿಗಾಲದ ಕೊನೆಯಿಂದ ಜುಲೈವರೆಗೆ ಕಚಿನಾ ಚೇತನಗಳು ಊರುಗಳಿಗೆ ಬಂದು, ಮಳೆ ಬೆಳೆಗಾಗಿ ಕುಣಿಯುವ ಕಾಲ. ಕರಾವಳಿಯ ಭೂತಕೋಲವನ್ನು ಭಕ್ತಿಯಿಂದ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಣ್ಣ ಹಚ್ಚಿ ನಿಂತವನು ಆ ಹೊತ್ತಿಗೆ ನೆರೆಮನೆಯವನಲ್ಲ. ಹಲವು ಕುಣಿತಗಳನ್ನು ಹೊರಗಿನವರಿಗೆ ಮುಚ್ಚಿದ್ದಾರೆ. ಮುಚ್ಚಿದೆ ಎಂಬ ಫಲಕವಿದ್ದರೆ ಮರುಮಾತಿಲ್ಲದೆ ಹಿಂದಿರುಗಿ. ಬೇಸಿಗೆಯ ಕೊನೆಗೆ ನಡೆಯುವ ಚಿಟ್ಟೆ ಕುಣಿತದಂಥವು ಸಾಮಾಜಿಕ ಕುಣಿತಗಳು. ಅವುಗಳಿಗೆ ಪ್ರವೇಶ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ಮೈತುಂಬ ಬಟ್ಟೆ ತೊಟ್ಟು ಹಿಂದೆ ನಿಲ್ಲಿ, ಕುರ್ಚಿಗಳಲ್ಲಿ ಕೂರಬೇಡಿ, ಅವು ಕುಟುಂಬಗಳವು. ಕುಣಿತದ ನಡುವೆ ಅರ್ಥ ಕೇಳಬೇಡಿ, ಚಪ್ಪಾಳೆ ತಟ್ಟಬೇಡಿ.

ಮಡಕೆಯ ಚೂರು, ಬಾಣದ ಮೊನೆ ಎಲ್ಲಿ ಕಂಡರೂ ಎತ್ತಿಕೊಳ್ಳಬಾರದು. ಕಾನೂನಿನ ಪ್ರಕಾರ ಅಪರಾಧ. ಹೋಪಿಗಳ ಪಾಲಿಗೆ ಅವು ಹಿರಿಯರು ಬಿಟ್ಟುಹೋದ ಹೆಜ್ಜೆಗಳು.

ಹೆಜ್ಜೆ 9: ಊಟ ಮತ್ತು ಕೊಳ್ಳುವಿಕೆ

ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ, ಆದರೆ ಕೇಳಿ ತಿನ್ನಬೇಕು. ಕ್ಯಾಮರನ್‌ನಲ್ಲಿ 1916ರಿಂದ ಇರುವ ವ್ಯಾಪಾರಕೇಂದ್ರದ ಊಟದ ಮನೆಯಲ್ಲಿ ನವಾಹೊ ಟ್ಯಾಕೊ ಸಿಗುತ್ತದೆ: ಕರಿದ ದಪ್ಪ ರೊಟ್ಟಿಯ ಮೇಲೆ ಬೇಯಿಸಿದ ಕಾಳು, ಸೊಪ್ಪು, ಚೀಸ್. ಮಾಂಸ ಬೇಡವೆನ್ನಿ, ಕಾಳಿನಲ್ಲಿ ಮಾಂಸವಿದೆಯೇ, ಕರಿದದ್ದು ಯಾವುದರಲ್ಲಿ ಎಂದೂ ಕೇಳಿ. ಈ ರೊಟ್ಟಿಯ ಹಿಂದೆ ನೋವಿದೆ. 1864ರಲ್ಲಿ ಸೈನ್ಯ ನವಾಹೊಗಳನ್ನು ನೂರಾರು ಕಿಲೋಮೀಟರ್ ನಡೆಸಿಕೊಂಡು ಹೋಗಿ ಬಾಸ್ಕ್ ರೆಡೊಂಡೊದಲ್ಲಿ ಕೂಡಿಹಾಕಿತ್ತು. ಅಲ್ಲಿ ಪಡಿತರವಾಗಿ ಕೊಟ್ಟ ಮೈದಾ ಮತ್ತು ಕೊಬ್ಬಿನಿಂದ ಹುಟ್ಟಿದ ಅಡುಗೆ ಇದು. 1868ರ ಒಪ್ಪಂದದ ನಂತರವೇ ಅವರು ತಾಯ್ನೆಲಕ್ಕೆ ಮರಳಿದರು. ಹೋಪಿಗಳಲ್ಲಿ ನೀಲಿ ಮೆಕ್ಕೆಜೋಳದ ಹಿಟ್ಟನ್ನು ಕಾದ ಕಲ್ಲಿನ ಮೇಲೆ ಅಂಗೈಯಿಂದ ಸವರಿ ಸುರುಳಿ ಸುತ್ತುವ ಪೀಕಿ ಸಿಕ್ಕರೆ ಬಿಡಬೇಡಿ.

ಒಡವೆ, ಕಂಬಳಿ, ಕೆತ್ತನೆಗಳನ್ನು ಮಾಡಿದವರಿಂದಲೇ ಕೊಳ್ಳಿ. ಮಾಡಿದವರ ಹೆಸರು, ಬುಡಕಟ್ಟು, ಕಲ್ಲು ಅಸಲಿಯೇ ಎಂಬುದನ್ನು ಕೇಳುವುದು ಅಗೌರವವಲ್ಲ. ಕಾರ್ಖಾನೆಯ ವಸ್ತುವನ್ನು ಮೂಲನಿವಾಸಿಗಳದೆಂದು ಮಾರುವುದು 1990ರ ಕಾನೂನಿನಂತೆ ಶಿಕ್ಷಾರ್ಹ. ತಿಂಗಳುಗಟ್ಟಲೆ ಮಗ್ಗದ ಮುಂದೆ ಕುಳಿತು ನೇಯ್ದ ಕಂಬಳಿಗೆ ಅರ್ಧ ಬೆಲೆ ಕೇಳಬೇಡಿ. ಚಿಕ್ಕ ವಸ್ತು ಕೊಳ್ಳಿ, ಪೂರ್ತಿ ಬೆಲೆ ಕೊಡಿ. ರಸ್ತೆಬದಿಯಲ್ಲಿ ನಗದು ಬೇಕಾಗುತ್ತದೆ.

ಐದು ದಿನಗಳ ಜೋಡಣೆ

ಮೊದಲ ದಿನ ಫ್ಲ್ಯಾಗ್‌ಸ್ಟಾಫ್ ವಸ್ತುಸಂಗ್ರಹಾಲಯ, ರಾತ್ರಿ ಅಲ್ಲೇ. ಎರಡನೆಯ ದಿನ ಕ್ಯಾಮರನ್ ಮೂಲಕ ಡೆಸರ್ಟ್ ವ್ಯೂ, ಸಂಜೆ ಹೋಪಿ ಪಾಯಿಂಟ್, ರಾತ್ರಿ ಅಂಚಿನಲ್ಲಿ. ಮೂರನೆಯ ದಿನ ನಸುಕಿನಲ್ಲಿ ಬ್ರೈಟ್ ಏಂಜೆಲ್ ಅಥವಾ ಸೌತ್ ಕೈಬಾಬ್ ಹಾದಿ, ಉಳಿದ ಹೊತ್ತು ವಿಶ್ರಾಂತಿ. ನಾಲ್ಕನೆಯ ದಿನ ಟ್ಯೂಬಾ ಸಿಟಿ, ಜಾತ್ರೆಯಿದ್ದರೆ ಜಾತ್ರೆ, ಸಂಜೆಗೆ ಸೆಕೆಂಡ್ ಮೆಸಾ. ಐದನೆಯ ದಿನ ಮಾರ್ಗದರ್ಶಿಯೊಂದಿಗೆ ಹೋಪಿ ಊರುಗಳು, ಸಂಜೆ ಫ್ಲ್ಯಾಗ್‌ಸ್ಟಾಫ್‌ಗೆ ಮರಳಿಕೆ.

ಅಂಚಿನಿಂದ ದಕ್ಷಿಣಕ್ಕೆ ಹೊರಡುವ ಹೆದ್ದಾರಿಯ ಪಕ್ಕದಲ್ಲಿ ಒಂಟಿಯಾಗಿ ನಿಂತ ರೆಡ್ ಬ್ಯೂಟ್ ಗುಡ್ಡ ಹವಸುಪೈ ಜನರಿಗೆ ಪವಿತ್ರ. 2023ರ ಆಗಸ್ಟ್‌ನಲ್ಲಿ ಸುತ್ತಲಿನ ಒಂಬತ್ತು ಲಕ್ಷಕ್ಕೂ ಹೆಚ್ಚು ಎಕರೆಯನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿ ಹೊಸ ಯುರೇನಿಯಂ ಗಣಿಗಳನ್ನು ತಡೆಯಲಾಯಿತು. ಹಳೆಯ ಹಕ್ಕಿನ ಪಿನ್ಯನ್ ಪ್ಲೇನ್ ಗಣಿ ಮಾತ್ರ ಉಳಿದುಕೊಂಡು ಅದಿರು ತೆಗೆಯುತ್ತಿದೆ. ತಮ್ಮ ಚಿಲುಮೆಗಳಿಗೆ ವಿಷ ಸೇರೀತೆಂಬ ಭಯ ಸುಪೈ ಊರಿನಲ್ಲಿ ಇಂದಿಗೂ ಇದೆ. ಸುಪೈ ಅನುಮತಿ ಸಿಕ್ಕವರು ಈ ಜೋಡಣೆಗೆ ಇನ್ನೂ ನಾಲ್ಕು ದಿನ ಸೇರಿಸಿ, ಅಂಚಿನಿಂದ ಹಿಲ್‌ಟಾಪ್‌ಗೆ ರಸ್ತೆಯಲ್ಲಿ ನಾಲ್ಕು ಗಂಟೆಯ ದಾರಿ ಎಂದು ಲೆಕ್ಕ ಹಿಡಿದು, ಹಿಂದಿನ ರಾತ್ರಿ ಪೀಚ್ ಸ್ಪ್ರಿಂಗ್ಸ್‌ನಲ್ಲಿ ತಂಗಿ, ಬೆಳಕು ಹರಿಯುವ ಮೊದಲೇ ಇಳಿಯಲು ಆರಂಭಿಸಬೇಕು.